ಹಳದಿ ಬೋರ್ಡಿಗೆ ಎಂಬತ್ತು, ಬಿಳಿ ಬೋರ್ಡಿಗೆ ಎಷ್ಟು ಬೇಕಾದ್ರೂ

ನಿಮ್ಮ ಮನೆಯಲ್ಲಿ ಕಾರಿದ್ರೆ ಅದರ ಸ್ಪೀಡೋಮೀಟರ್ ಒಂದ್ಸಲ ಸರಿಯಾಗಿ ನೋಡಿ. ಏಳೆಂಟು ಲಕ್ಷದ ಸಾಮಾನ್ಯ ಹ್ಯಾಚ್‌ಬ್ಯಾಕ್ ಆಗಿದ್ರೂ ಅದರಲ್ಲಿ 200, 220 ಅಂತ ಅಂಕಿ ಬರೆದಿರುತ್ತೆ. ಅಷ್ಟು ವೇಗ ಆ ಕಾರು ಮುಟ್ಟೋದಿಲ್ಲ, ಅದು ಬೇರೆ ಮಾತು. ಆದರೆ 160, 170 ಅಂತೂ ಮುಟ್ಟುತ್ತೆ. ಈಗ ಕಾನೂನು ನೋಡೋಣ. 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ಅಧಿಸೂಚನೆಯಲ್ಲಿ ಕಾರುಗಳಿಗೆ ಕೊಟ್ಟ ಅತಿ ಹೆಚ್ಚಿನ ಮಿತಿ ಗಂಟೆಗೆ 120 ಕಿ.ಮೀ. ಅದೂ ಎಕ್ಸ್‌ಪ್ರೆಸ್‌ವೇಯಲ್ಲಿ ಮಾತ್ರ. ಮಧ್ಯೆ ಡಿವೈಡರ್ ಇರೋ ನಾಲ್ಕು ಪಥದ ರಸ್ತೆಗೆ 100, ಊರೊಳಗೆ 70. ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 100.

ಹಾಗಾದ್ರೆ ಎಲ್ಲೂ ಓಡಿಸೋಕೆ ಅನುಮತಿ ಇಲ್ಲದ ವೇಗವನ್ನ ಕಾರಿಗೆ ಕೊಟ್ಟಿರೋದಾದ್ರೂ ಯಾಕೆ? ಹಾಸ್ಟೆಲಿನಲ್ಲಿ ಈ ಪ್ರಶ್ನೆ ಕೇಳಿದ್ರೆ ಮೆಕ್ಯಾನಿಕಲ್‌ನವರು ಒಂದು ಉತ್ತರ ಕೊಡ್ತಾರೆ, ಎಲೆಕ್ಟ್ರಾನಿಕ್ಸ್‌ನವರು ಇನ್ನೊಂದು. ಎರಡೂ ಸರಿ. ಆದರೆ ಮೊದಲನೇ ಉತ್ತರ ಕೇಳಿ ಸುಮ್ಮನಾಗೋರೇ ಹೆಚ್ಚು. ಎರಡನೇದನ್ನೂ ಕೇಳಬೇಕು ಅನ್ನೋದಕ್ಕೆ ಈ ಲೇಖನ.

ಮೊದಲು ಮೆಕ್ಯಾನಿಕಲ್‌ನವರ ಲೆಕ್ಕ

ಕಾರು ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗ್ತಾ ಇದ್ದಾಗ ಎಂಜಿನ್ ಮುಖ್ಯವಾಗಿ ಎರಡರ ಜೊತೆ ಹೋರಾಡುತ್ತೆ. ಒಂದು ಟೈರಿನ ಉರುಳು ಘರ್ಷಣೆ, ಇನ್ನೊಂದು ಗಾಳಿಯ ಎಳೆತ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅದನ್ನ ಮೀರೋಕೆ ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ಐದು ಜನ, ಲಗೇಜು ಎಲ್ಲ ಸೇರಿ 1,400 ಕೆ.ಜಿ. ಇರೋ ಒಂದು ಸಣ್ಣ ಕಾರು ತಗೊಳ್ಳಿ. ಡ್ರ್ಯಾಗ್ ಗುಣಾಂಕ 0.32, ಮುಂಭಾಗದ ವಿಸ್ತೀರ್ಣ 2.1 ಚದರ ಮೀಟರ್, ಉರುಳು ಘರ್ಷಣೆಯ ಗುಣಾಂಕ 0.012 ಅಂತ ಇಟ್ಕೊಳ್ಳಿ. ಗೇರ್‌ಬಾಕ್ಸ್‌ನಲ್ಲಿ ಹತ್ತು ಪರ್ಸೆಂಟ್ ಪೋಲಾಗುತ್ತೆ ಅಂತ ಹಿಡಿದು ಲೆಕ್ಕ ಹಾಕಿದ್ರೆ, 100 ಕಿ.ಮೀ. ವೇಗದಲ್ಲಿ ಹೋಗೋಕೆ ಬೇಕಾಗೋದು ಸುಮಾರು 20 ಹಾರ್ಸ್‌ಪವರ್ ಅಷ್ಟೇ. 160ಕ್ಕೆ ಸುಮಾರು 65. ವೇಗ ಒಂದೂವರೆ ಪಟ್ಟು ಚಿಲ್ಲರೆ ಹೆಚ್ಚಾದ್ರೆ ಪವರ್ ಮೂರು ಪಟ್ಟಿಗಿಂತ ಹೆಚ್ಚು ಬೇಕು.

ಇಲ್ಲೇ ಪ್ರಶ್ನೆ ಬರುತ್ತೆ. ನೂರರಲ್ಲಿ ಹೋಗೋಕೆ 20 ಸಾಕಾದ್ರೆ 80 ಹಾರ್ಸ್‌ಪವರ್ ಎಂಜಿನ್ ಯಾಕೆ ಕೂರಿಸ್ತಾರೆ? ಉತ್ತರ ಘಟ್ಟದ ರಸ್ತೆಯಲ್ಲಿದೆ. ಅದೇ ಕಾರು ಫುಲ್ ಲೋಡಿನಲ್ಲಿ ನೂರು ಮೀಟರಿಗೆ ಎಂಟು ಮೀಟರ್ ಏರೋ ರಸ್ತೆಯಲ್ಲಿ ಹೋಗ್ತಾ ಇದೆ ಅಂದ್ಕೊಳ್ಳಿ. ಬರೀ 60 ಕಿ.ಮೀ. ವೇಗ ಕಾಯ್ದುಕೊಳ್ಳೋಕೇ ಸುಮಾರು 35 ಹಾರ್ಸ್‌ಪವರ್ ಬೇಕು. ಮುಂದೆ ಒಂದು ಲಾರಿ ತೆವಳ್ತಾ ಇದೆ. ಎದುರು ರಸ್ತೆ ಖಾಲಿ ಕಾಣ್ತಾ ಇರೋ ಆರು ಸೆಕೆಂಡಿನಲ್ಲಿ ನಲವತ್ತರಿಂದ ಎಪ್ಪತ್ತಕ್ಕೆ ಏರಿ ಲಾರಿ ದಾಟಬೇಕು. ಏರು ಹತ್ತೋಕೆ ಬೇಕಾದ ಪವರ್, ವೇಗ ಹೆಚ್ಚಿಸೋಕೆ ಬೇಕಾದ ಪವರ್ ಎರಡನ್ನೂ ಕೂಡಿಸಿದ್ರೆ 75ರ ಹತ್ತಿರ ಬರುತ್ತೆ. ಏಸಿ ಹಾಕಿದ್ರೆ ಇನ್ನೂ ಒಂದೆರಡು. ಅಲ್ಲಿಗೆ ನಮ್ಮ 80 ಹಾರ್ಸ್‌ಪವರ್ ಪೂರ್ತಿ ಖರ್ಚಾಯ್ತು.

ಅಂದ್ರೆ ಆ ಎಂಜಿನ್ ಅನಾವಶ್ಯಕ ದೊಡ್ಡದೇನಲ್ಲ. ಘಟ್ಟ ಹತ್ತಿ, ಲಾರಿ ದಾಟಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೋ ಶೃಂಗೇರಿಗೋ ಹೋಗಿ ಬರೋಕೆ ಅಷ್ಟು ಬೇಕು. ಅದೇ ಎಂಜಿನ್ ಸಮತಟ್ಟು ರಸ್ತೆಗೆ ಇಳಿದಾಗ, ಏರು ಇಲ್ಲ, ಲಾರಿ ಇಲ್ಲ, ಉಳಿದ ಪವರ್ ಎಲ್ಲ ಗಾಳಿ ಸೀಳೋಕೆ ಹೋಗುತ್ತೆ. ಲೆಕ್ಕ ಹಾಕಿದ್ರೆ ವೇಗ 170ರ ಆಸುಪಾಸಿಗೆ ಬಂದು ನಿಲ್ಲುತ್ತೆ. ಯಾರೂ 170 ಬೇಕು ಅಂತ ಕೂತು ವಿನ್ಯಾಸ ಮಾಡ್ಲಿಲ್ಲ, ಘಟ್ಟಕ್ಕೆ ಅಂತ ಕೊಟ್ಟ ಶಕ್ತಿ ಬಯಲಿನಲ್ಲಿ ಹಾಗೆ ಕಾಣಿಸಿಕೊಳ್ತು. ಇನ್ನೊಂದು ಲಾಭವೂ ಇದೆ. ನೂರರಲ್ಲಿ ಹೋಗುವಾಗ ಎಂಜಿನ್ ತನ್ನ ತಾಕತ್ತಿನ ಅರ್ಧಕ್ಕಿಂತ ಕಮ್ಮಿ ದುಡಿಯುತ್ತೆ, ಸದ್ದು ಕಮ್ಮಿ, ಬಿಸಿ ಕಮ್ಮಿ, ಬಾಳಿಕೆ ಜಾಸ್ತಿ. ಯಾವ ಯಂತ್ರವನ್ನೂ ಅದರ ಕೊನೇ ಮಿತಿಯಲ್ಲಿ ದಿನಾ ಓಡಿಸಬಾರದು ಅಂತ ನಮಗೆ ಮೊದಲ ವರ್ಷದಲ್ಲೇ ಹೇಳಿಕೊಡ್ತಾರಲ್ವಾ?

ಇಲ್ಲಿವರೆಗೂ ತಕರಾರಿಲ್ಲ. ಆದರೆ ಹೆಚ್ಚಿನವರು ಇಲ್ಲಿಗೇ ಮಾತು ಮುಗಿಸ್ತಾರೆ. "ಅದಕ್ಕೇ ಕಾರು ಅಷ್ಟು ಸ್ಪೀಡ್ ಹೋಗುತ್ತೆ, ಓಡಿಸೋನು ನೋಡ್ಕೊಂಡು ಓಡಿಸಬೇಕು ಅಷ್ಟೇ" ಅಂತ. ನನ್ನ ತಕರಾರು ಶುರುವಾಗೋದೇ ಇಲ್ಲಿಂದ.

ಲಿಫ್ಟ್ ಮಾಡೋದನ್ನ ಕಾರು ಯಾಕೆ ಮಾಡಲ್ಲ?

ನಮ್ಮ ಕಾಲೇಜಿನ ಯಾವುದಾದ್ರೂ ಲಿಫ್ಟಿನೊಳಗೆ ಹೋಗಿ ನೋಡಿ. 8 ಜನ, 544 ಕೆ.ಜಿ. ಅಂತ ಫಲಕ ಇರುತ್ತೆ. ತಲೆಗೆ 68 ಕೆ.ಜಿ. ಲೆಕ್ಕ. ಅದರ ಹಗ್ಗಗಳು ಅದರ ಎಷ್ಟೋ ಪಟ್ಟು ಭಾರ ತಡೆಯೋ ಹಾಗೆ ಮಾಡಿರ್ತಾರೆ. ಅದು ಫ್ಯಾಕ್ಟರ್ ಆಫ್ ಸೇಫ್ಟಿ. ಆದರೆ ಹನ್ನೆರಡು ಜನ ತುರುಕಿಕೊಂಡ್ರೆ ಏನಾಗುತ್ತೆ? ಲಿಫ್ಟ್ ಕಿರುಚುತ್ತೆ, ಬಾಗಿಲು ಹಾಕಿಕೊಳ್ಳಲ್ಲ, ಅಲುಗಾಡಲ್ಲ. ಹಗ್ಗಕ್ಕೆ ಶಕ್ತಿ ಇದೆ, ಆ ಶಕ್ತಿಯನ್ನ ಬಳಸೋ ಸ್ವಾತಂತ್ರ್ಯ ನಮಗಿಲ್ಲ. ಅದು ಅಪಾಯದ ಕಾಲಕ್ಕೆ ಅಂತ ಕಾಯ್ದಿಟ್ಟಿದ್ದು. "ಲಿಫ್ಟಿನಲ್ಲಿ ಹತ್ತೋರು ಜವಾಬ್ದಾರಿಯಿಂದ ಎಣಿಸಿಕೊಂಡು ಹತ್ತಬೇಕು, ಸೆನ್ಸರ್ ಯಾಕೆ" ಅಂತ ಯಾವ ಎಂಜಿನಿಯರೂ ವಾದ ಮಾಡಲ್ಲ.

ಕಾರಿನಲ್ಲಿ ಮಾತ್ರ ಉಳಿಕೆ ಶಕ್ತಿ ಪೂರ್ತಿಯಾಗಿ ಬಲಗಾಲಿನ ಕೆಳಗಿದೆ.

ಹಿಂದೆ ಇದಕ್ಕೊಂದು ಸಬೂಬು ಇತ್ತು. ಕಾರ್ಬುರೇಟರ್ ಕಾಲದಲ್ಲಿ ಆಕ್ಸಿಲರೇಟರ್ ಪೆಡಲಿಗೂ ಎಂಜಿನ್ನಿಗೂ ಮಧ್ಯೆ ಒಂದು ತಂತಿ ಇರ್ತಿತ್ತು. ವೇಗ ಕಟ್ಟಿ ಹಾಕಬೇಕು ಅಂದ್ರೆ ಎಂಜಿನ್ನನ್ನೇ ಕಟ್ಟಿಹಾಕಬೇಕಿತ್ತು, ಆಗ ಘಟ್ಟ ಹತ್ತೋ ಶಕ್ತಿನೂ ಹೋಗ್ತಿತ್ತು. ಈಗ ಆ ತಂತಿ ಇಲ್ಲ. ಪೆಡಲ್ ಕೆಳಗಿರೋದು ಒಂದು ಸೆನ್ಸರ್. ನಿಮ್ಮ ಕಾಲು ಒತ್ತಿದ್ದನ್ನ ಅದು ಇಸಿಯುಗೆ ಹೇಳುತ್ತೆ, ಥ್ರಾಟಲ್ ಎಷ್ಟು ತೆರೀಬೇಕು ಅಂತ ನಿರ್ಧಾರ ಮಾಡೋದು ಇಸಿಯು. ಚಕ್ರದ ವೇಗ ಅದಕ್ಕೆ ಗೊತ್ತೇ ಇದೆ. 130 ದಾಟಿದ ಮೇಲೆ ಥ್ರಾಟಲ್ ಇನ್ನು ತೆರೀಬೇಡ ಅಂತ ಅದಕ್ಕೆ ಹೇಳೋದು ಸಾಫ್ಟ್‌ವೇರ್ ಕೆಲಸ, ಹೊಸ ಹಾರ್ಡ್‌ವೇರ್ ಬೇಕಾಗಿಲ್ಲ. ಘಟ್ಟದ 75 ಹಾರ್ಸ್‌ಪವರ್ ಹಾಗೇ ಇರುತ್ತೆ. ಶಕ್ತಿ ಬೇರೆ, ಗರಿಷ್ಠ ವೇಗ ಬೇರೆ. ಇದು ಎಲೆಕ್ಟ್ರಾನಿಕ್ಸ್‌ನವರ ಉತ್ತರ.

ಇದು ಬರೀ ಊಹೆ ಅಲ್ಲ. ಜರ್ಮನಿಯ ದೊಡ್ಡ ಕಂಪನಿಗಳು 1980ರ ದಶಕದ ಕೊನೆಯಲ್ಲೇ ತಮ್ಮ ದುಬಾರಿ ಕಾರುಗಳನ್ನ ಎಲೆಕ್ಟ್ರಾನಿಕ್ಸ್ ಮೂಲಕ 250ಕ್ಕೆ ನಿಲ್ಲಿಸೋಕೆ ತಮ್ಮತಮ್ಮಲ್ಲೇ ಒಪ್ಪಿಕೊಂಡ್ವು. ಜಪಾನಿನಲ್ಲಿ ಬಹಳ ಕಾಲದಿಂದ ಸಾಮಾನ್ಯ ಕಾರಿಗೆ 180, ಪುಟಾಣಿ ಕೇ ಕಾರಿಗೆ 140 ಅನ್ನೋ ಪದ್ಧತಿ ಇದೆ. ವೋಲ್ವೋ 2020ರಿಂದ ತನ್ನ ಎಲ್ಲ ಹೊಸ ಕಾರುಗಳನ್ನ 180ಕ್ಕೆ ನಿಲ್ಲಿಸಿತು. ಅಂಕಿಗಳು ನಮ್ಮ ರಸ್ತೆಗೆ ತೀರಾ ಹೆಚ್ಚು, ನಿಜ. ಆದರೆ "ಆಗಲ್ಲ" ಅನ್ನೋ ಮಾತಿಗೆ ಇವು ಉತ್ತರ.

ದೂರ ಯಾಕೆ, ನಮ್ಮಲ್ಲೇ ಇದೆ

ಬೆಂಗಳೂರು ಏರ್‌ಪೋರ್ಟ್ ರಸ್ತೆಯಲ್ಲಿ ಯಾವುದಾದ್ರೂ ಹಳದಿ ಬೋರ್ಡ್ ಟ್ಯಾಕ್ಸಿ ಹತ್ತಿ, ಸ್ವಲ್ಪ ಬೇಗ ಹೋಗಿ ಅಣ್ಣ ಅಂತ ಕೇಳಿ ನೋಡಿ. "ಎಂಬತ್ತರ ಮೇಲೆ ಹೋಗಲ್ಲ ಸಾರ್, ಲಾಕ್ ಆಗಿದೆ" ಅಂತಾರೆ. 2015ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದುಪಡಿ ಮಾಡಿ ಬಸ್ಸು, ಲಾರಿಗಳಿಗೆ ಸ್ಪೀಡ್ ಗವರ್ನರ್ ಕಡ್ಡಾಯ ಮಾಡ್ತು. ಸಾಮಾನ್ಯವಾಗಿ 80, ಡಂಪರ್, ಟ್ಯಾಂಕರ್‌ಗಳಿಗೆ 60. ಆಮೇಲೆ 2017ರಲ್ಲಿ ಟ್ಯಾಕ್ಸಿಗಳೂ ಅದರೊಳಗೆ ಬಂದ್ವು. ಮಾರುತಿಯ ಡಿಸೈರ್ ಕಾರನ್ನೇ ಟ್ಯಾಕ್ಸಿಗೆ ಅಂತ ಟೂರ್ ಎಸ್ ಹೆಸರಿನಲ್ಲಿ ಮಾರ್ತಾರೆ, ಅದು 80ಕ್ಕೆ ನಿಲ್ಲುತ್ತೆ. ಅದೇ ಕಾರಿಗೆ ಬಿಳಿ ಬೋರ್ಡ್ ಬಿದ್ರೆ ಆ ತಡೆ ಇಲ್ಲ.

ಸ್ವಲ್ಪ ಯೋಚಿಸಿ ನೋಡಿ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಸ್ಟೀರಿಂಗ್ ಹಿಡಿಯೋ, ಓಡಿಸೋದೇ ಕಸುಬಾಗಿರೋ ಮನುಷ್ಯನ ಕೈಗೆ ಎಂಬತ್ತು ಕೊಟ್ಟಿದ್ದೀವಿ. ಮೊನ್ನೆ ಲೈಸೆನ್ಸ್ ತಗೊಂಡು ಅಪ್ಪನ ಕಾರಿನ ಕೀ ಇಸ್ಕೊಂಡು ವೀಕೆಂಡ್ ಮೈಸೂರಿಗೆ ಹೊರಟ ನಮ್ಮಂಥವರ ಕೈಗೆ ನೂರಾ ಎಪ್ಪತ್ತು ಕೊಟ್ಟಿದ್ದೀವಿ. ಟ್ಯಾಕ್ಸಿಯಲ್ಲಿ ಹೋಗೋರ ಪ್ರಾಣಕ್ಕೆ ಬೆಲೆ ಇದೆ ಅದಕ್ಕೇ ಮಿತಿ ಅಂದ್ರೆ, ಬಿಳಿ ಬೋರ್ಡಿನ ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಗೆ ಬೆಲೆ ಇಲ್ವಾ? ಈ ಭೇದಕ್ಕೆ ಎಂಜಿನಿಯರಿಂಗ್ ಕಾರಣ ನನಗೆ ಒಂದೂ ಸಿಕ್ಕಿಲ್ಲ. ಡ್ರೈವರ್‌ಗಳು ಹೇಳಿದ ಹಾಗೆ ಕೇಳಬೇಕಾದವರು, ಮಾಲೀಕರು ಕೇಳದಿದ್ರೂ ನಡೆಯುತ್ತೆ ಅನ್ನೋ ಕಾರಣ ಒಂದೇ ಕಾಣೋದು.

ಇದರಿಂದ ಇನ್ನೊಂದು ತಾಂತ್ರಿಕ ತೊಂದರೆಯೂ ಆಗುತ್ತೆ. ಒಂದೇ ಹೆದ್ದಾರಿಯಲ್ಲಿ ಎಂಬತ್ತಕ್ಕೆ ಲಾಕ್ ಆದ ಟ್ಯಾಕ್ಸಿ ಮುಂದೆ, 140ರಲ್ಲಿ ಬರೋ ಎಸ್‌ಯುವಿ ಹಿಂದೆ. ಎರಡರ ವೇಗದ ವ್ಯತ್ಯಾಸ 60 ಕಿ.ಮೀ., ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ನೂರು ಮೀಟರ್ ಅಂತರ ಆರು ಸೆಕೆಂಡಿನಲ್ಲಿ ಖಾಲಿ. ಹೆದ್ದಾರಿಯಲ್ಲಿ ಎಲ್ಲ ವಾಹನಗಳ ವೇಗ ಹತ್ತಿರ ಹತ್ತಿರ ಇದ್ದಷ್ಟೂ ಒಳ್ಳೇದು ಅನ್ನೋದು ಸಾಮಾನ್ಯ ತಿಳಿವಳಿಕೆ. ನಾವು ಅರ್ಧ ಜನಕ್ಕೆ ಮಾತ್ರ ಬೇಲಿ ಹಾಕಿ ವ್ಯತ್ಯಾಸವನ್ನ ನಾವೇ ಹುಟ್ಟಿಸಿದ್ದೀವಿ.

ನಿಲ್ಲೋ ದೂರದ ಲೆಕ್ಕ

"ನನ್ನ ಕಂಟ್ರೋಲ್ ಚೆನ್ನಾಗಿದೆ" ಅನ್ನೋ ಗೆಳೆಯರಿಗಾಗಿ ಇನ್ನೊಂದು ಲೆಕ್ಕ. ಅಡ್ಡ ಬಂದದ್ದನ್ನ ನೋಡಿ ಬ್ರೇಕ್ ಒತ್ತೋಕೆ ಒಂದೂವರೆ ಸೆಕೆಂಡ್, ಒಣ ರಸ್ತೆಯಲ್ಲಿ 0.7 ಜಿ ಬ್ರೇಕಿಂಗ್ ಅಂತ ಹಿಡಿಯಿರಿ. 100ರಲ್ಲಿ ಹೋಗ್ತಿರೋ ಕಾರು ನಿಲ್ಲೋಕೆ ಸುಮಾರು 98 ಮೀಟರ್ ಬೇಕು. ಪಕ್ಕದ ಪಥದಲ್ಲಿ ಅದೇ ಕ್ಷಣ 140ರಲ್ಲಿ ಬರ್ತಿರೋ ಕಾರಿನವನೂ ಅಷ್ಟೇ ಚುರುಕಾಗಿ, ಅಷ್ಟೇ ಜೋರಾಗಿ ಬ್ರೇಕ್ ಒತ್ತಿದ ಅಂದ್ಕೊಳ್ಳಿ. ಮೊದಲನೇ ಕಾರು ನಿಂತ ಜಾಗಕ್ಕೆ ಬರುವಾಗ ಎರಡನೇ ಕಾರಿನ ವೇಗ ಎಷ್ಟಿರುತ್ತೆ? ನಲವತ್ತು ಅಂತ ಬಹಳ ಜನ ಹೇಳ್ತಾರೆ. ಲೆಕ್ಕ ಹಾಕಿ ನೋಡಿ. ಇನ್ನೂ 112 ಇರುತ್ತೆ. ಒಬ್ಬ ಹಸುವಿನ ಮುಂದೆ ನಿಂತು ಉಸಿರು ಬಿಡೋ ಜಾಗದಲ್ಲಿ ಇನ್ನೊಬ್ಬ ನೂರಾ ಹನ್ನೆರಡರಲ್ಲಿ ಗುದ್ದುತ್ತಾನೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಶೇ. 71ರಷ್ಟು ಸಾವಿನ ಎದುರಿಗೆ ಬರೆದಿರೋ ಕಾರಣ ಅತಿವೇಗ. ಬೇರೆ ಕಾರಣ ಹುಡುಕೋ ಗೋಜಿಗೆ ಹೋಗದೆ ಪೊಲೀಸರು ಅದೇ ಕಾಲಂ ತುಂಬ್ತಾರೆ ಅನ್ನೋ ಆಕ್ಷೇಪ ಇದೆ, ರಸ್ತೆಯ ವಿನ್ಯಾಸದ ತಪ್ಪು ಆ ಲೆಕ್ಕದಲ್ಲಿ ಮುಚ್ಚಿಹೋಗುತ್ತೆ ಅಂತಾನೂ ಹೇಳ್ತಾರೆ. ಒಪ್ಪೋಣ. ಅರ್ಧಕ್ಕರ್ಧ ಕಳೆದ್ರೂ ಉಳಿಯೋ ಸಂಖ್ಯೆ ಸಣ್ಣದಲ್ಲ.

ಯಾರಿಗೆ ಬೇಡ ಈ ಮಿತಿ?

1923ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ನಲವತ್ತೆರಡು ಸಾವಿರಕ್ಕೂ ಹೆಚ್ಚು ಜನ ಒಂದು ಅರ್ಜಿಗೆ ಸಹಿ ಹಾಕಿದ್ರು. ಊರಿನ ಪ್ರತಿ ಕಾರಿಗೂ ಗಂಟೆಗೆ 25 ಮೈಲಿ, ಅಂದ್ರೆ 40 ಕಿ.ಮೀ. ದಾಟದ ಹಾಗೆ ಗವರ್ನರ್ ಹಾಕಬೇಕು ಅನ್ನೋದು ಬೇಡಿಕೆ. ಕಾರು ಮಾರೋರು ಗಾಬರಿಯಾಗಿ ಊರು ತುಂಬ ಪ್ರಚಾರ ಮಾಡಿದ್ರು. ನವೆಂಬರಿನಲ್ಲಿ ಮತ ಹಾಕಿದಾಗ ಪ್ರಸ್ತಾಪ ಸೋತಿತು. ವೇಗವೇ ತಮ್ಮ ಸರಕು ಅಂತ ಮಾರೋರಿಗೆ ಅವತ್ತೇ ಗೊತ್ತಿತ್ತು. ಇವತ್ತಿಗೂ ರಿವ್ಯೂ ವಿಡಿಯೋದಲ್ಲಿ ಮೊದಲು ಕೇಳೋದು ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್, ಟಾಪ್ ಎಂಡ್ ಎಷ್ಟು ಅಂತ ತಾನೇ?

ಒಂದು ಕಂಪನಿ ತಾನಾಗೇ 130ಕ್ಕೆ ನಿಲ್ಲಿಸಿದ್ರೆ ಪಕ್ಕದ ಶೋರೂಮಿನವನು ಅದನ್ನೇ ಆಡಿಕೊಂಡು ಗಿರಾಕಿ ಎಳೀತಾನೆ. ಹಾಗಾಗಿ ಯಾರೂ ಮೊದಲ ಹೆಜ್ಜೆ ಇಡಲ್ಲ. ಎಲ್ಲರಿಗೂ ಒಟ್ಟಿಗೆ ಅನ್ವಯ ಆಗೋ ನಿಯಮ ಬಂದ್ರೆ ಯಾರಿಗೂ ನಷ್ಟ ಇಲ್ಲ. ಏರ್‌ಬ್ಯಾಗ್, ಎಬಿಎಸ್ ಬಂದದ್ದೂ ಹಾಗೇ.

ಆಕ್ಷೇಪಗಳು ಇವೆ, ಒಂದೊಂದಾಗಿ ನೋಡೋಣ.

"ಓವರ್‌ಟೇಕ್ ಮಾಡುವಾಗ ಕಾರು ಕೈ ಕೊಟ್ರೆ?" ಎರಡು ಪಥದ ರಸ್ತೆಯಲ್ಲಿ ನಾವು ದಾಟೋದು ಅರವತ್ತರಿಂದ ತೊಂಬತ್ತರೊಳಗೆ. 130ರ ಬೇಲಿ ಅಲ್ಲಿಗೆ ತಾಗೋದೇ ಇಲ್ಲ. ಎಕ್ಸ್‌ಪ್ರೆಸ್‌ವೇಯ 120ರ ಮೇಲೂ ಹತ್ತು ಉಳಿದಿರುತ್ತೆ.

"ಆಸ್ಪತ್ರೆಗೆ ಅರ್ಜೆಂಟ್ ಹೋಗಬೇಕಾದ್ರೆ?" ನಲವತ್ತು ಕಿ.ಮೀ. ದೂರವನ್ನ 130ರಲ್ಲಿ ಹೋದ್ರೆ ಹದಿನೆಂಟೂವರೆ ನಿಮಿಷ, 150ರಲ್ಲಿ ಹದಿನಾರು. ಗಾಬರಿಯಲ್ಲಿರೋ ಮನುಷ್ಯ ಆ ಎರಡೂವರೆ ನಿಮಿಷಕ್ಕೆ 150ರಲ್ಲಿ ಓಡಿಸೋದು ಕಾರಿನಲ್ಲಿರೋ ರೋಗಿಗೂ ಒಳ್ಳೇದಲ್ಲ. ಆಂಬ್ಯುಲೆನ್ಸ್, ಪೊಲೀಸ್, ಅಗ್ನಿಶಾಮಕ ವಾಹನಗಳಿಗೆ ಈಗಿನ ಗವರ್ನರ್ ನಿಯಮದಲ್ಲೂ ವಿನಾಯಿತಿ ಇದೆ, ಅದು ಇರಲಿ.

"ದುಡ್ಡು ಕೊಟ್ಟು ತೆಗೆಸಿಬಿಡ್ತಾರೆ." ತೆಗೆಸೋರು ಇರ್ತಾರೆ, ಲಾರಿ ಗವರ್ನರ್‌ಗಳನ್ನೂ ತೆಗೆಸ್ತಾರೆ. ಹೆಲ್ಮೆಟ್ ಹಾಕದವರು ಇದ್ದಾರೆ ಅಂತ ಹೆಲ್ಮೆಟ್ ಕಾನೂನು ಬಿಟ್ವಾ? ಕಂಪನಿಯಿಂದಲೇ ಸಾಫ್ಟ್‌ವೇರಿನಲ್ಲಿ ಬಂದದ್ದನ್ನ ಮುಟ್ಟದೆ ಬಿಡೋರೇ ಹೆಚ್ಚು.

ಕೊನೇ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. "ಜನ ಸಾಯೋದು 130ರ ಮೇಲೆ ಹೋಗಿ ಮಾತ್ರ ಅಲ್ಲ. ಶಾಲೆ ಮುಂದೆ 60ರಲ್ಲಿ ಹೋದ್ರೂ ಮಗು ಸಾಯುತ್ತೆ. ಒಂದೇ ಅಂಕಿಯ ಬೇಲಿ ಎಲ್ಲ ರಸ್ತೆಗೂ ಹೇಗೆ ಸರಿ?" ಇದು ನಿಜ, ಪೂರ್ತಿ ನಿಜ. ಕಾರು ಒಂದು, ರಸ್ತೆ ನೂರು ತರಹ. ನಮ್ಮಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಲ್ಲಿ 80 ದಾಟಿದ್ರೆ ಆಗಾಗ ಬೀಪ್, 120 ದಾಟಿದ್ರೆ ಬಿಡದೆ ಬೀಪ್ ಬರೋ ನಿಯಮ ಇದೆ. 40 ಮಿತಿ ಇರೋ ಬೀದಿಯಲ್ಲಿ 75ರಲ್ಲಿ ಹೋದ್ರೆ ಅದು ತುಟಿ ಬಿಚ್ಚಲ್ಲ, 100 ಮಿತಿಯ ಹೆದ್ದಾರಿಯಲ್ಲಿ 85ರಲ್ಲಿ ಹೋದ್ರೆ ಕಿವಿ ತಿನ್ನುತ್ತೆ. ರಸ್ತೆ ಯಾವುದು ಅಂತ ಅದಕ್ಕೆ ಗೊತ್ತಿಲ್ಲ, ಅದಕ್ಕೇ ಅದನ್ನ ಯಾರೂ ಮರ್ಯಾದೆಯಿಂದ ನೋಡಲ್ಲ. ಯುರೋಪಿನಲ್ಲಿ 2024ರ ಜುಲೈಯಿಂದ ಮಾರೋ ಪ್ರತಿ ಹೊಸ ಕಾರಿನಲ್ಲೂ ರಸ್ತೆಯ ಮಿತಿಯನ್ನ ಕ್ಯಾಮೆರಾ ಮತ್ತು ಮ್ಯಾಪಿನಿಂದ ತಿಳ್ಕೊಂಡು ಚಾಲಕನಿಗೆ ಎಚ್ಚರಿಸೋ ವ್ಯವಸ್ಥೆ ಕಡ್ಡಾಯ. ಬೇಕಾದ್ರೆ ಚಾಲಕ ಅದನ್ನ ಮೀರಬಹುದು. ನಮಗೂ ಕೊನೆಗೆ ಬೇಕಾದ್ದು ಅದೇ. ಆದರೆ ಅದಕ್ಕೆ ಮೊದಲು ಪ್ರತಿ ರಸ್ತೆಯ ಮಿತಿ ನಂಬೋ ಹಾಗೆ ದಾಖಲಾಗಬೇಕು, ಬೋರ್ಡುಗಳು ಮರದ ಹಿಂದೆ ಅಡಗಿರಬಾರದು, ಅರ್ಧ ಕಿ.ಮೀ.ಗೊಂದು ಅಂಕಿ ಬದಲಾಗಬಾರದು. ಅದಕ್ಕೆ ವರ್ಷಗಳೇ ಬೇಕು. ಮೇಲಿನ ಬೇಲಿ ಹಾಕೋಕೆ ಅಷ್ಟು ಕಾಯಬೇಕಾಗಿಲ್ಲ.

ನೂರಾ ಮೂವತ್ತು ಅಂತ ನಾನು ಸುಮ್ಮನೆ ಹೇಳ್ತಾ ಇಲ್ಲ. 2024ರ ಆಗಸ್ಟ್ 1ರಿಂದ ಕರ್ನಾಟಕದಲ್ಲಿ 130 ದಾಟಿ ಓಡಿಸಿದ್ರೆ ಬರೀ ದಂಡ ಅಲ್ಲ, ಎಫ್‌ಐಆರ್ ಹಾಕ್ತೀವಿ ಅಂತ ಪೊಲೀಸರು ಹೇಳಿದ್ದಾರೆ. ಅಂದ್ರೆ ನಮ್ಮ ರಾಜ್ಯದಲ್ಲಿ ಒಂದು ವೇಗ ಅಪರಾಧ ಅಂತ ನಿರ್ಧಾರ ಆಗಿದೆ. ಆ ಅಪರಾಧ ಮಾಡೋಕೆ ಬೇಕಾದ ಸಾಮಾನನ್ನ ಮಾತ್ರ ವಾರಂಟಿ ಸಮೇತ, ಬಿಲ್ ಸಮೇತ, ಆರ್‌ಟಿಒ ನೋಂದಣಿ ಮಾಡಿಸಿ ಕೊಡ್ತೀವಿ. ಕ್ಯಾಮೆರಾ ಹಾಕಿ, ಫೋಟೋ ಹಿಡಿದು, ನೋಟಿಸ್ ಕಳಿಸಿ, ಕೋರ್ಟಿಗೆ ಅಲೆಸೋ ಖರ್ಚು ಒಂದು ಕಡೆ, ಇಸಿಯುನಲ್ಲಿ ಒಂದು ಅಂಕಿ ಬರೆಯೋ ಖರ್ಚು ಇನ್ನೊಂದು ಕಡೆ. ಯಾವುದು ಅಗ್ಗ ಅಂತ ಹೇಳೋಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಆದರೂ ಇದನ್ನ ಎಂಜಿನಿಯರಿಂಗ್ ಓದ್ತಿರೋರ ಮುಂದೆ ಬರೆಯೋಕೆ ಕಾರಣ ಇದೆ. ಬಾಷ್, ಮರ್ಸಿಡಿಸ್-ಬೆಂಜ್‌ನಂಥ ಕಂಪನಿಗಳ ದೊಡ್ಡ ಸಾಫ್ಟ್‌ವೇರ್ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ಇದನ್ನ ಓದ್ತಿರೋ ಒಂದಿಬ್ಬರಾದ್ರೂ ನಾಳೆ ಪ್ಲೇಸ್‌ಮೆಂಟ್ ಆಗಿ ಅಲ್ಲಿ ಕೂತು ವಾಹನಗಳ ಕೋಡ್ ಬರೀತೀರಿ. ಟಾಪ್ ಸ್ಪೀಡ್ ಅನ್ನೋ ಜಾಗದಲ್ಲಿ ಒಂದು ಅಂಕಿ ತುಂಬಬೇಕಾಗುತ್ತೆ. ಅವತ್ತು "ಓಡಿಸೋನು ನೋಡ್ಕೊಳ್ತಾನೆ" ಅಂತ ಮುಂದೆ ಹೋಗೋ ಮೊದಲು, ಈ ಅಂಕಿ ಯಾವ ರಸ್ತೆಗೆ ಬೇಕು ಅಂತ ಮೀಟಿಂಗಿನಲ್ಲಿ ಒಂದ್ಸಲ ಕೇಳಿ. ಹಳದಿ ಬೋರ್ಡಿಗೆ ಒಂದು, ಬಿಳಿ ಬೋರ್ಡಿಗೆ ಇನ್ನೊಂದು ಯಾಕೆ ಅಂತಾನೂ ಕೇಳಿ.